ಹವಾಮಾನ ಮತ್ತು ದೂರದ ಓಟ: ಪದೇ ಪದೇ ಕೇಳುವ ಪ್ರಶ್ನೆಗಳು

ನಿಯಮಿತವಾಗಿ ದೂರ ಓಡುವವರು, ಅದರಲ್ಲಿಯೂ ಹಾಫ್ ಮ್ಯಾರಥಾನ್ ಅಥವಾ ಮ್ಯಾರಥಾನ್‌ಗೆ ತಯಾರಾಗುತ್ತಿರುವವರು, ಋತು ಬದಲಾದಾಗಲೆಲ್ಲ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಉದಾಹರಣೆಗಳು ಹೆಚ್ಚಾಗಿ ಕರ್ನಾಟಕದವು. ಕರಾವಳಿಯ ಸೆಕೆ, ಕಲಬುರಗಿಯ ಬಿಸಿಲು, ಮಲೆನಾಡಿನ ಮಳೆ, ಬೆಂಗಳೂರಿನ ಎತ್ತರ ಇವೆಲ್ಲ ಒಂದೇ ರಾಜ್ಯದೊಳಗೆ ಇರುವುದರಿಂದ, ಒಂದು ಊರಿಗೆ ಬರೆದ ತರಬೇತಿ ಪಟ್ಟಿ ಇನ್ನೊಂದು ಊರಿನಲ್ಲಿ ಹಾಗೆಯೇ ನಡೆಯುವುದಿಲ್ಲ. ಹೃದಯ, ಮೂತ್ರಪಿಂಡ ಅಥವಾ ರಕ್ತದೊತ್ತಡದ ತೊಂದರೆ ಇರುವವರು ಇಲ್ಲಿನ ಸಲಹೆಗಳನ್ನು ಅನುಸರಿಸುವ ಮುನ್ನ ತಮ್ಮ ವೈದ್ಯರನ್ನು ಕೇಳಬೇಕು.

ಬೇಸಿಗೆ ಬಂದ ಕೂಡಲೇ ನನ್ನ ವೇಗ ಕುಗ್ಗುತ್ತದೆ. ತರಬೇತಿಯಲ್ಲಿ ಏನಾದರೂ ತಪ್ಪಾಗಿದೆಯೇ?

ಬಹುಪಾಲು ಸಂದರ್ಭಗಳಲ್ಲಿ ಇಲ್ಲ. ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಚಲನೆಗೆ ಸಲ್ಲುತ್ತದೆ, ಉಳಿದದ್ದೆಲ್ಲ ಶಾಖವಾಗುತ್ತದೆ. 60 ಕಿಲೋ ತೂಕದ ಒಬ್ಬರು 10 ಕಿಲೋಮೀಟರ್ ಓಡಲು ಸುಮಾರು 600 ಕಿಲೋಕ್ಯಾಲೊರಿ ವ್ಯಯಿಸಿದರೆ, ಅದರಲ್ಲಿ 450ರಷ್ಟು ಶಾಖದ ಲೆಕ್ಕಕ್ಕೆ ಹೋಗುತ್ತದೆ. ಅಷ್ಟು ತೂಕದ ದೇಹದ ಉಷ್ಣಾಂಶ ಒಂದು ಡಿಗ್ರಿ ಏರಲು ಸುಮಾರು 50 ಕಿಲೋಕ್ಯಾಲೊರಿ ಸಾಕು. ಶಾಖ ಹೊರಹೋಗಲು ದಾರಿಯೇ ಇಲ್ಲದಿದ್ದರೆ, 37 ಡಿಗ್ರಿಯಲ್ಲಿ ಹೊರಟ ದೇಹ ಓಟ ಮುಗಿಯುವ ಹೊತ್ತಿಗೆ 46 ಡಿಗ್ರಿ ಮುಟ್ಟಬೇಕಿತ್ತು. ಹಾಗಾಗದಂತೆ ಕಾಯುವುದು ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ.

ಈ ವ್ಯವಸ್ಥೆ ನಡೆಯಬೇಕಾದರೆ ಒಳಗಿನ ಬಿಸಿ ರಕ್ತ ಚರ್ಮದವರೆಗೆ ಬರಬೇಕು. ಹೃದಯಕ್ಕೆ ಆಗ ಇಬ್ಬರು ಯಜಮಾನರು: ಆಮ್ಲಜನಕ ಬೇಡುವ ಸ್ನಾಯು ಮತ್ತು ತಂಪು ಬೇಡುವ ಚರ್ಮ. ಬೆವರಿನಿಂದ ರಕ್ತದ ದ್ರವಾಂಶವೂ ಕಡಿಮೆಯಾಗುತ್ತಾ ಹೋಗುವುದರಿಂದ, ಪ್ರತಿ ಬಡಿತಕ್ಕೆ ಹೊರಹೊಮ್ಮುವ ರಕ್ತ ತಗ್ಗಿ, ಅದೇ ವೇಗಕ್ಕೆ ಹೃದಯ ಹೆಚ್ಚು ಸಲ ಬಡಿಯಬೇಕಾಗುತ್ತದೆ. ಜನವರಿಯಲ್ಲಿ ಕಿಲೋಮೀಟರಿಗೆ ಆರು ನಿಮಿಷದಂತೆ ಹಾಯಾಗಿ ಮಾತನಾಡುತ್ತಾ ಓಡುತ್ತಿದ್ದವರು ಏಪ್ರಿಲ್‌ನಲ್ಲಿ ಅದೇ ವೇಗಕ್ಕೆ ಏದುಸಿರು ಬಿಡುವುದು ಇದೇ ಕಾರಣಕ್ಕೆ. ಅವರ ದೇಹ ಅಂದು ಮಾಡುತ್ತಿರುವ ಕೆಲಸ ನಿಜವಾಗಿಯೂ ಹೆಚ್ಚು. ಆದ್ದರಿಂದ ಬೇಸಿಗೆಯಲ್ಲಿ ಗಡಿಯಾರ ತೋರಿಸುವ ವೇಗವನ್ನು ಬಿಟ್ಟು ಉಸಿರಾಟ, ಬಡಿತ ಮತ್ತು ಮಾತನಾಡುವ ಸಾಮರ್ಥ್ಯವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಈ ಒಂದು ಮಾತನ್ನು ಒಪ್ಪಿಕೊಳ್ಳಲು ಅನುಭವಿ ಓಟಗಾರರೇ ಹೆಚ್ಚು ಹಿಂಜರಿಯುತ್ತಾರೆ, ಏಕೆಂದರೆ ಅವರಿಗೆ ತಮ್ಮ ವೇಗ ಬಾಯಿಪಾಠವಾಗಿರುತ್ತದೆ.

ದೂರದ ಓಟಕ್ಕೆ ಅತ್ಯುತ್ತಮ ಉಷ್ಣಾಂಶ ಯಾವುದು?

ಮ್ಯಾರಥಾನ್ ಮಟ್ಟಿಗೆ ಹೇಳುವುದಾದರೆ, ನಾವು ಸ್ವೆಟರ್ ಹುಡುಕುವ ಉಷ್ಣಾಂಶ. ಪ್ಯಾರಿಸ್, ಲಂಡನ್, ಬರ್ಲಿನ್, ಬಾಸ್ಟನ್, ಶಿಕಾಗೊ, ನ್ಯೂಯಾರ್ಕ್ ಎಂಬ ಆರು ದೊಡ್ಡ ಮ್ಯಾರಥಾನ್‌ಗಳ 2001ರಿಂದ 2010ರವರೆಗಿನ ಫಲಿತಾಂಶಗಳನ್ನು ಒಟ್ಟಾಗಿ ವಿಶ್ಲೇಷಿಸಿದಾಗ, ಪುರುಷರ ಉತ್ತಮ ಸಮಯಗಳು ಸರಿಸುಮಾರು 4ರಿಂದ 10 ಡಿಗ್ರಿ ಸೆಲ್ಸಿಯಸ್ ನಡುವೆ ಬಂದಿದ್ದವು. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಎಂದರೆ ಯುರೋಪಿನ ಓಟಗಾರರಿಗೆ ಸಹಜವಾಗಿ ಒದಗುವ ಹವೆ ನಮ್ಮ ರಾಜಧಾನಿಗೆ ದಕ್ಕುವುದು ತೀರ ಅಪರೂಪ. ಬರ್ಲಿನ್‌ನಲ್ಲಿ ಓಡಿಬಂದವರ ಸಮಯದೊಂದಿಗೆ ನಿಮ್ಮ ಮುಂಬೈ ಮ್ಯಾರಥಾನ್ ಸಮಯವನ್ನು ಹೋಲಿಸಿಕೊಂಡು ಬೇಸರಪಡುವ ಅಗತ್ಯವಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬಿಸಿಯ ಹೊರೆ ಎಲ್ಲರ ಮೇಲೂ ಒಂದೇ ರೀತಿ ಬೀಳುವುದಿಲ್ಲ. ಎರಡೂಕಾಲು ಗಂಟೆಯಲ್ಲಿ ಮುಗಿಸುವವರು ಸೂರ್ಯ ಮೇಲೇರುವ ಮೊದಲೇ ಗುರಿ ತಲುಪಿರುತ್ತಾರೆ. ಐದು ಗಂಟೆ ಓಡುವವರು ಕೊನೆಯ ಹತ್ತು ಕಿಲೋಮೀಟರ್‌ಗಳನ್ನು ಪೂರ್ಣ ಬಿಸಿಲಿನಲ್ಲಿ ಕಳೆಯುತ್ತಾರೆ. ಹೊರಡುವಾಗಿನ ಉಷ್ಣಾಂಶವನ್ನು ನೋಡದೆ, ನೀವು ಮುಗಿಸುವ ಹೊತ್ತಿನ ಉಷ್ಣಾಂಶವನ್ನು ನೋಡಿ ಯೋಜನೆ ಮಾಡಿಕೊಳ್ಳಿ.

ಮಂಗಳೂರಿನ 28 ಡಿಗ್ರಿ ಬಳ್ಳಾರಿಯ 32 ಡಿಗ್ರಿಗಿಂತ ಕಷ್ಟವೆನಿಸುವುದು ಏಕೆ?

ಬೆವರು ಸುರಿದರೆ ಸಾಲದು, ಆವಿಯಾಗಬೇಕು. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ಬೆವರು ಹನಿಯಾಗಿ ನೆಲಕ್ಕೆ ಬೀಳುತ್ತದೆ. ಹಾಗೆ ಬಿದ್ದ ಬೆವರಿನಿಂದ ನೀರು ಮತ್ತು ಉಪ್ಪು ನಷ್ಟವಾಯಿತೇ ಹೊರತು ದೇಹ ತಂಪಾಗಲಿಲ್ಲ. ಕನ್ನಡದಲ್ಲಿ ಇದಕ್ಕೆ ‘ಸೆಕೆ’ ಎಂಬ ಪ್ರತ್ಯೇಕ ಪದವೇ ಇದೆ. ಬಿಸಿಲಿಲ್ಲದ ಮೋಡದ ದಿನವೂ ಸೆಕೆಯಾಗುತ್ತದೆ ಎಂಬುದು ಕರಾವಳಿಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಆದರೆ ಸೆಕೆಯನ್ನು ಅಳೆಯಲು ಬಹಳಷ್ಟು ಓಟಗಾರರು ಫೋನಿನಲ್ಲಿ ಕಾಣುವ ಸಾಪೇಕ್ಷ ಆರ್ದ್ರತೆಯ ಶೇಕಡಾವಾರು ಅಂಕಿಯನ್ನು ನೋಡಿ ಮೋಸಹೋಗುತ್ತಾರೆ. ಬೆಂಗಳೂರಿನ ಮುಂಜಾನೆ 20 ಡಿಗ್ರಿ ಉಷ್ಣಾಂಶ ಮತ್ತು ಶೇಕಡ 90 ಆರ್ದ್ರತೆ ಇದ್ದರೂ ಓಡಲು ಹಿತವಾಗಿಯೇ ಇರುತ್ತದೆ; ಮಂಗಳೂರಿನಲ್ಲಿ 32 ಡಿಗ್ರಿ ಮತ್ತು ಶೇಕಡ 65 ಇದ್ದರೆ ಉಸಿರು ಕಟ್ಟಿದಂತಾಗುತ್ತದೆ. ಬಿಸಿ ಗಾಳಿಯು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದನ್ನು ಈ ಶೇಕಡಾವಾರು ಅಂಕಿ ಮುಚ್ಚಿಡುತ್ತದೆ. ನೋಡಬೇಕಾದದ್ದು ಇಬ್ಬನಿ ಬಿಂದು, ಅಂದರೆ ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ಅದರೊಳಗಿನ ಆವಿ ಇಬ್ಬನಿಯಾಗಿ ಇಳಿಯಲು ತೊಡಗುತ್ತದೆಯೋ ಆ ಉಷ್ಣಾಂಶ. ಮೇಲಿನ ಬೆಂಗಳೂರಿನ ಉದಾಹರಣೆಯಲ್ಲಿ ಅದು ಸುಮಾರು 18 ಡಿಗ್ರಿ, ಮಂಗಳೂರಿನದರಲ್ಲಿ ಸುಮಾರು 25 ಡಿಗ್ರಿ. ಇಬ್ಬನಿ ಬಿಂದು 15ರ ಕೆಳಗಿದ್ದರೆ ತೊಂದರೆ ತಿಳಿಯುವುದಿಲ್ಲ. 18 ದಾಟಿದರೆ ಗಂಟೆ ಮೀರಿದ ಓಟಗಳಲ್ಲಿ ವ್ಯತ್ಯಾಸ ಕಾಣುತ್ತದೆ. 24 ದಾಟಿದ ದಿನ ವೇಗದ ಗುರಿಯನ್ನು ಮನೆಯಲ್ಲಿಯೇ ಬಿಟ್ಟು ಹೊರಡುವುದು ಲೇಸು.

ಒಣ ಹವೆಯೇ ಒಳ್ಳೆಯದಾದರೆ ಕಲಬುರಗಿ, ರಾಯಚೂರಿನ ಬೇಸಿಗೆ ಓಟಕ್ಕೆ ಅನುಕೂಲವೇ?

ಬೆಳಗಿನ ಜಾವದಲ್ಲಿ ಹೌದು, ಬಿಸಿಲೇರಿದ ಮೇಲೆ ಖಂಡಿತ ಅಲ್ಲ. ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದ ಕ್ಷಣದಿಂದ ಬೀಸುವ ಝಳವೇ ದೇಹಕ್ಕೆ ಕಾವನ್ನು ಸೇರಿಸುತ್ತದೆ. ಇದರ ಜೊತೆಗೆ ಒಣ ಗಾಳಿಯಲ್ಲಿ ಬೆವರು ಬಂದ ತಕ್ಷಣ ಆರಿಹೋಗುವುದರಿಂದ ಅಂಗಿ ಒದ್ದೆಯಾಗುವುದಿಲ್ಲ, ಎಷ್ಟು ನೀರು ಕಳೆದುಕೊಂಡಿದ್ದೇವೆ ಎಂಬ ಅರಿವೇ ಉಂಟಾಗುವುದಿಲ್ಲ. ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆಗಳು ಕಂಡಾಗ ಮಾತ್ರ ಲೆಕ್ಕ ತಿಳಿಯುತ್ತದೆ.

ಓಟದ ಆಯೋಜಕರು ಹೇಳುವ ‘ವೆಟ್ ಬಲ್ಬ್ ಗ್ಲೋಬ್’ ಉಷ್ಣಾಂಶ ಎಂದರೇನು?

1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಶಿಬಿರಗಳಲ್ಲಿ ಶಾಖದಿಂದ ಕುಸಿಯುತ್ತಿದ್ದವರ ಸಂಖ್ಯೆಯನ್ನು ತಗ್ಗಿಸಲು ರೂಪಿಸಿದ ಅಳತೆ ಇದು. ಮೂರು ಉಷ್ಣಮಾಪಕಗಳ ಅಂಕಿಗಳನ್ನು ಸೇರಿಸಿ ಇದನ್ನು ಲೆಕ್ಕ ಹಾಕುತ್ತಾರೆ. ಒದ್ದೆ ಬಟ್ಟೆ ಸುತ್ತಿದ ಮಾಪಕ ಸೆಕೆಯನ್ನು ಅಳೆಯುತ್ತದೆ, ಕಪ್ಪು ಗೋಳದೊಳಗಿನ ಮಾಪಕ ಬಿಸಿಲನ್ನು ಅಳೆಯುತ್ತದೆ, ನೆರಳಿನಲ್ಲಿರುವ ಸಾಮಾನ್ಯ ಮಾಪಕ ಗಾಳಿಯ ಕಾವನ್ನು ಅಳೆಯುತ್ತದೆ. ನಮ್ಮ ಅಜ್ಜಿಯರು ಸೆಕೆ, ಬಿಸಿಲು, ಕಾವು ಎಂದು ಮೂರು ಬೇರೆ ಪದಗಳನ್ನು ಬಳಸುತ್ತಿದ್ದುದು ಸುಮ್ಮನೆ ಅಲ್ಲ ಎಂದು ಈ ಸೂತ್ರವನ್ನು ನೋಡಿದಾಗ ನನಗೆ ಅನಿಸುತ್ತದೆ. ಮೂರಕ್ಕೂ ಸಮಾನ ತೂಕವಿಲ್ಲ: ಸೆಕೆಗೆ 10ರಲ್ಲಿ 7 ಪಾಲು, ಬಿಸಿಲಿಗೆ 2, ಗಾಳಿಯ ಕಾವಿಗೆ 1. ನಾವು ಸದಾ ಮಾತನಾಡುವ ಸಾಮಾನ್ಯ ಉಷ್ಣಾಂಶಕ್ಕೆ ಸಿಕ್ಕಿರುವುದು ಹತ್ತನೆಯ ಒಂದು ಪಾಲು ಮಾತ್ರ. ಈ ಸೂಚ್ಯಂಕ 28 ಡಿಗ್ರಿ ಮೀರಿದರೆ ದೂರದ ಸ್ಪರ್ಧೆಗಳನ್ನು ಮುಂದೂಡುವುದು ಅಥವಾ ರದ್ದುಪಡಿಸುವುದು ಒಳ್ಳೆಯದೆಂದು ಕ್ರೀಡಾ ವೈದ್ಯರು ಬಹುಕಾಲದಿಂದ ಹೇಳುತ್ತಾ ಬಂದಿದ್ದಾರೆ.

ಹವಾಮಾನದಿಂದ ವಿಶ್ವ ಮಟ್ಟದ ಓಟಗಾರರಿಗೂ ಇಷ್ಟು ವ್ಯತ್ಯಾಸವಾಗುತ್ತದೆಯೇ?

2019ರಲ್ಲಿ ಕೀನ್ಯಾದ ರುತ್ ಚೆಪ್‌ಂಗೆಟಿಚ್ ಜನವರಿಯ ದುಬೈ ಮ್ಯಾರಥಾನ್ ಅನ್ನು 2 ಗಂಟೆ 17 ನಿಮಿಷ 8 ಸೆಕೆಂಡುಗಳಲ್ಲಿ ಗೆದ್ದರು. ಅದೇ ವರ್ಷದ ಸೆಪ್ಟೆಂಬರ್ 27ರಂದು ಅದೇ ಕೊಲ್ಲಿ ಪ್ರದೇಶದ ದೋಹಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿಯೂ ಅವರೇ ಗೆದ್ದರು, ಆದರೆ ತೆಗೆದುಕೊಂಡ ಸಮಯ 2 ಗಂಟೆ 32 ನಿಮಿಷ 43 ಸೆಕೆಂಡು. ಬಿಸಿಲನ್ನು ತಪ್ಪಿಸಲು ಆ ಓಟವನ್ನು ನಡುರಾತ್ರಿಗೆ ಆರಂಭಿಸಲಾಗಿತ್ತು. ಬಿಸಿಲು ತಪ್ಪಿತು, ಸೆಕೆ ತಪ್ಪಲಿಲ್ಲ. ಹೊರಟ 68 ಮಂದಿಯಲ್ಲಿ 28 ಮಂದಿ ಅರ್ಧದಲ್ಲಿಯೇ ನಿಂತರು. ಪದಕದ ಸ್ಪರ್ಧೆಯಲ್ಲಿ ಓಟದ ತಂತ್ರವೂ ಬೇರೆಯಾಗಿರುತ್ತದೆ ಎಂಬುದನ್ನು ಒಪ್ಪಿದರೂ ಹದಿನೈದು ನಿಮಿಷದ ಅಂತರವನ್ನು ತಂತ್ರವೊಂದೇ ವಿವರಿಸಲಾರದು.

ಅದನ್ನು ಕಂಡ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮರು ತಿಂಗಳೇ ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನ್‌ಗಳನ್ನು ಸುಮಾರು 800 ಕಿಲೋಮೀಟರ್ ಉತ್ತರದ ಸಪ್ಪೊರೊಗೆ ವರ್ಗಾಯಿಸಿತು. ಅಲ್ಲಿಯೂ 2021ರ ಆಗಸ್ಟ್‌ನಲ್ಲಿ ಮಹಿಳೆಯರ ಓಟವನ್ನು ಹಿಂದಿನ ಸಂಜೆಯಷ್ಟೇ ಒಂದು ಗಂಟೆ ಹಿಂದಕ್ಕೆಳೆದು ಬೆಳಿಗ್ಗೆ 6ಕ್ಕೆ ನಿಗದಿ ಮಾಡಬೇಕಾಯಿತು. ಪುರುಷರ ಓಟದಲ್ಲಿ ಹೊರಟ 106 ಮಂದಿಯಲ್ಲಿ ಗುರಿ ಮುಟ್ಟಿದವರು 76 ಮಂದಿ.

ಬೆಳಗಿನ ಓಟ ಒಳ್ಳೆಯದೋ, ಸಂಜೆಯದೋ?

ಮಾರ್ಚ್‌ನಿಂದ ಮೇ ತಿಂಗಳವರೆಗೆ ಬೆಳಗಿನ ಜಾವಕ್ಕೆ ಎದುರಿಲ್ಲ. ದಿನದ ಅತಿ ಕಡಿಮೆ ಉಷ್ಣಾಂಶ ಸೂರ್ಯೋದಯದ ಆಸುಪಾಸಿನಲ್ಲಿ ಇರುತ್ತದೆ, ರಾತ್ರಿಯಿಡೀ ಆರಿದ ಡಾಂಬರು ರಸ್ತೆಯೂ ತಣ್ಣಗಿರುತ್ತದೆ. ಸಂಜೆ ಆರಕ್ಕೆ ಗಾಳಿ ತಂಪೆನಿಸಿದರೂ ರಸ್ತೆ ಮತ್ತು ಕಾಂಕ್ರೀಟ್ ಗೋಡೆಗಳು ಹಗಲಿನ ಕಾವನ್ನು ಉಗುಳುತ್ತಲೇ ಇರುತ್ತವೆ. 2024ರ ಏಪ್ರಿಲ್ 28ರಂದು ಬೆಂಗಳೂರಿನ 10 ಕಿಲೋಮೀಟರ್ ಓಟ ನಡೆದ ದಿನವೇ ನಗರದ ಗರಿಷ್ಠ ಉಷ್ಣಾಂಶ 38.5 ಡಿಗ್ರಿ ಮುಟ್ಟಿತ್ತು. ಓಟ ಬೆಳಿಗ್ಗೆಯೇ ಮುಗಿಯುವಂತೆ ಇಟ್ಟಿದ್ದರಿಂದ ಸಾವಿರಾರು ಮಂದಿ ಆ ಬಿಸಿಲಿನಿಂದ ಪಾರಾದರು. ಸಂಜೆ ಮಾತ್ರ ಬಿಡುವಿರುವವರು ಕಬ್ಬನ್ ಪಾರ್ಕ್, ಮೈಸೂರಿನ ಕುಕ್ಕರಹಳ್ಳಿ ಕೆರೆ ದಂಡೆಯಂತಹ ಮರಗಳ ನೆರಳಿನ ಮಣ್ಣು ದಾರಿಗಳನ್ನು ಆರಿಸಿಕೊಳ್ಳಬಹುದು.

ಬಿಸಿಲಿಗೆ ದೇಹವನ್ನು ಒಗ್ಗಿಸಿಕೊಳ್ಳಲು ಎಷ್ಟು ದಿನ ಬೇಕು?

ಹತ್ತರಿಂದ ಹದಿನಾಲ್ಕು ದಿನ. ಮೊದಲ ನಾಲ್ಕೈದು ದಿನಗಳಲ್ಲಿಯೇ ರಕ್ತದ ದ್ರವಾಂಶ ಹೆಚ್ಚಿ, ಅದೇ ವೇಗಕ್ಕೆ ಬಡಿತ ಇಳಿಯತೊಡಗುತ್ತದೆ. ಎರಡನೆಯ ವಾರದಲ್ಲಿ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಮತ್ತು ಅದರಲ್ಲಿನ ಉಪ್ಪಿನ ಅಂಶ ತಗ್ಗುತ್ತದೆ. ಇದಕ್ಕೆ ನಡುಮಧ್ಯಾಹ್ನ ಓಡಿ ಶೌರ್ಯ ತೋರಬೇಕಾಗಿಲ್ಲ. ಬೆವರು ಧಾರಾಳವಾಗಿ ಬರುವಂತಹ ಹವೆಯಲ್ಲಿ ದಿನಕ್ಕೆ ಸುಮಾರು ಒಂದು ಗಂಟೆ ನಿಧಾನವಾಗಿ ಓಡಿದರೆ ಸಾಕು. ತಂಪು ಊರಿಗೆ ಮರಳಿದ ಮೇಲೆ ಎರಡು ಮೂರು ವಾರಗಳಲ್ಲಿ ಈ ಗಳಿಕೆ ಕರಗುತ್ತದೆ. ಬೆಂಗಳೂರಿನಲ್ಲಿ ತರಬೇತಿ ಪಡೆದು ಕರಾವಳಿಯಲ್ಲಿ ಓಡುವವರು ಮುನ್ನಾ ದಿನದ ಬಸ್ ಹಿಡಿಯುವ ಬದಲು, ಸಾಧ್ಯವಾದರೆ ವಾರ ಮೊದಲು ಹೋಗಿ ಉಳಿಯಬೇಕು. ಸಾಧ್ಯವಾಗದವರು ಕೊನೆಯ ಎರಡು ವಾರ ತಮ್ಮ ಕೆಲವು ನಿಧಾನದ ಓಟಗಳನ್ನು ದಿನದ ಬೆಚ್ಚನೆಯ ಹೊತ್ತಿಗೆ ಬದಲಾಯಿಸಿಕೊಳ್ಳಬಹುದು.

ಎಷ್ಟು ನೀರು ಕುಡಿಯಬೇಕು? ಎಳನೀರು, ಮಜ್ಜಿಗೆ ಸಾಕಾಗುತ್ತವೆಯೇ?

ಎಲ್ಲರಿಗೂ ಒಂದೇ ಅಂಕಿ ಹೇಳುವವರನ್ನು ನಂಬಬೇಡಿ. ಗಂಟೆಗೆ ಅರ್ಧ ಲೀಟರ್ ಬೆವರುವವರೂ ಇದ್ದಾರೆ, ಎರಡು ಲೀಟರ್ ಬೆವರುವವರೂ ಇದ್ದಾರೆ. ನಿಮ್ಮದನ್ನು ನೀವೇ ಅಳೆಯಬಹುದು: ಓಟಕ್ಕೆ ಮುಂಚೆ ಮತ್ತು ನಂತರ ಬಟ್ಟೆಯಿಲ್ಲದೆ, ಮೈ ಒರೆಸಿಕೊಂಡು ತೂಕ ನೋಡಿ. ಒಂದು ಗಂಟೆಯ ಓಟದಲ್ಲಿ ತೂಕ 800 ಗ್ರಾಂ ಇಳಿದಿದ್ದು, ನಡುವೆ 300 ಮಿಲಿಲೀಟರ್ ನೀರು ಕುಡಿದಿದ್ದರೆ, ಬೆವರಿನ ಪ್ರಮಾಣ ಗಂಟೆಗೆ ಸುಮಾರು 1.1 ಲೀಟರ್. ಇದನ್ನು ಬೇಸಿಗೆ, ಮಳೆಗಾಲ, ಚಳಿಗಾಲ ಮೂರರಲ್ಲಿಯೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಕಳೆದದ್ದನ್ನೆಲ್ಲ ಓಡುತ್ತಲೇ ತುಂಬಿಸಬೇಕಾಗಿಲ್ಲ, ಬಾಯಾರಿಕೆಗೆ ಕುಡಿದು, ತೂಕದ ಇಳಿಕೆ ಶೇಕಡ ಎರಡರ ಆಸುಪಾಸಿನಲ್ಲಿ ಉಳಿಯುವಂತೆ ನೋಡಿಕೊಂಡರೆ ಆಯಿತು.

ಓಟ ಮುಗಿದಾಗ ತೂಕ ಹೆಚ್ಚಾಗಿದ್ದರೆ ಅದು ಅಪಾಯದ ಸೂಚನೆ. ಗಂಟೆಗಟ್ಟಲೆ ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ, ತಲೆನೋವು, ವಾಂತಿ, ಗೊಂದಲ ಕಾಣಿಸಿಕೊಂಡು, ವಿಪರೀತಕ್ಕೆ ಹೋದರೆ ಮಿದುಳು ಊದಿಕೊಂಡು ಪ್ರಾಣಕ್ಕೇ ಕುತ್ತಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದವರಲ್ಲಿ ರಕ್ತದ ಮಾದರಿ ಕೊಟ್ಟವರ ಪೈಕಿ ಶೇಕಡ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಾಗಿತ್ತು. ನಾಲ್ಕು ಗಂಟೆಗಿಂತ ಹೆಚ್ಚು ಕಾಲ ನಿಧಾನವಾಗಿ ಓಡುತ್ತಾ, ಪ್ರತಿ ನೀರಿನ ಮೇಜಿನ ಬಳಿಯೂ ನಿಲ್ಲುವವರಿಗೆ ಈ ಅಪಾಯ ಹೆಚ್ಚು.

ಎಳನೀರು ರುಚಿಕರ, ಪೊಟ್ಯಾಸಿಯಂ ಅದರಲ್ಲಿ ಸಮೃದ್ಧ. ಆದರೆ ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ, ಅದು ಎಳನೀರಿನಲ್ಲಿ ತೀರ ಕಡಿಮೆ. ಉಪ್ಪು ಹಾಕಿದ ನೀರು ಮಜ್ಜಿಗೆ ಆ ದೃಷ್ಟಿಯಿಂದ ಮೇಲು, ಆದರೆ ಓಡುವಾಗ ಎಲ್ಲರ ಹೊಟ್ಟೆಗೂ ಒಗ್ಗುವುದಿಲ್ಲವಾದ್ದರಿಂದ ಓಟದ ನಂತರಕ್ಕೆ ಇಟ್ಟುಕೊಳ್ಳಬಹುದು. ಎರಡು ಗಂಟೆ ಮೀರಿದ ಓಟಗಳಿಗೆ ಓಆರ್‌ಎಸ್ ಅಗ್ಗದ ಮತ್ತು ನಂಬಬಹುದಾದ ಆಯ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಅದರ ಒಂದು ಲೀಟರಿನಲ್ಲಿ 2.6 ಗ್ರಾಂ ಉಪ್ಪು ಮತ್ತು 13.5 ಗ್ರಾಂ ಗ್ಲೂಕೋಸ್ ಇರುತ್ತವೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಬೇಕು.

ಜೊತೆಗಾರರಿಗೆ ಶಾಖಾಘಾತವಾಗಿದೆ ಎಂದು ತಿಳಿಯುವುದು ಹೇಗೆ, ಏನು ಮಾಡಬೇಕು?

ಗುರುತು ಒಂದೇ: ಬುದ್ಧಿ ತಪ್ಪುವುದು. ತೊದಲು ಮಾತು, ದಿಕ್ಕು ತೋಚದ ನಡೆ, ಕಾರಣವಿಲ್ಲದ ಸಿಟ್ಟು, ಕುಸಿದು ಬೀಳುವುದು ಇವುಗಳಲ್ಲಿ ಯಾವುದು ಕಂಡರೂ ಶಾಖಾಘಾತವೆಂದೇ ಭಾವಿಸಿ. ಆಗ ದೇಹದ ಒಳ ಉಷ್ಣಾಂಶ 40 ಡಿಗ್ರಿ ದಾಟಿರುತ್ತದೆ. ಶಾಖಾಘಾತವಾದವರ ಚರ್ಮ ಒಣಗಿರುತ್ತದೆ ಎಂಬ ಹಳೆಯ ಪಾಠವನ್ನು ಓಟಗಾರರ ವಿಷಯದಲ್ಲಿ ಮರೆತುಬಿಡಬೇಕು, ಏಕೆಂದರೆ ಶ್ರಮದಿಂದ ಉಂಟಾಗುವ ಶಾಖಾಘಾತದಲ್ಲಿ ಮೈ ಬೆವರಿನಿಂದ ತೊಯ್ದಿರುವುದೇ ಸಾಮಾನ್ಯ. ಹಣೆಗೆ ಹಿಡಿಯುವ ಉಷ್ಣಮಾಪಕದ ಅಂಕಿಯನ್ನೂ ನೆಚ್ಚಬೇಡಿ.

ಮೊದಲು ತಣಿಸಿ, ಆಮೇಲೆ ಸಾಗಿಸಿ. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಉಳಿದವರು ರೋಗಿಯನ್ನು ನೆರಳಿಗೆ ತಂದು ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ ತಲೆಯನ್ನು ಹಿಡಿದುಕೊಳ್ಳಬೇಕು. ತೊಟ್ಟಿ ಇಲ್ಲದಿದ್ದರೆ ಬಕೆಟ್‌ಗಟ್ಟಲೆ ನೀರು ಸುರಿಯುತ್ತಾ, ಮಂಜುಗಡ್ಡೆಯ ನೀರಿನಲ್ಲಿ ಅದ್ದಿದ ಟವೆಲ್‌ಗಳನ್ನು ಮೈತುಂಬ ಹೊದಿಸಿ, ಗಾಳಿ ಬೀಸುತ್ತಾ ಇರಬೇಕು. ಮೊದಲ ಅರ್ಧ ಗಂಟೆಯೊಳಗೆ ಉಷ್ಣಾಂಶ ಇಳಿದರೆ ಬದುಕುಳಿಯುವ ಸಾಧ್ಯತೆ ಬಹಳ ಹೆಚ್ಚು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು, ಪ್ಯಾರಸಿಟಮಾಲ್ ಇಲ್ಲಿ ಉಪಯೋಗಕ್ಕೆ ಬಾರದು. ಜ್ವರ ಅಥವಾ ಭೇದಿಯಿಂದ ಈಗಷ್ಟೇ ಚೇತರಿಸಿಕೊಂಡವರು, ರಾತ್ರಿ ನಿದ್ದೆಗೆಟ್ಟವರು ಮತ್ತು ಮೂತ್ರವರ್ಧಕ ಮಾತ್ರೆ ಸೇವಿಸುವವರು ಸಾಧಾರಣ ಹವೆಯಲ್ಲಿಯೂ ಹೀಗೆ ಕುಸಿಯಬಹುದು.

ಮಳೆಯಲ್ಲಿ ಓಡಬಹುದೇ? ನೆಗಡಿಯಾಗುವುದಿಲ್ಲವೇ?

ನೆಗಡಿ ಬರುವುದು ವೈರಸ್‌ನಿಂದ, ಮಳೆಯಿಂದಲ್ಲ. ತುಂತುರು ಮಳೆ ಓಟಗಾರರಿಗೆ ವರವೆಂದೇ ನನ್ನ ಭಾವನೆ. ಆರಿದ್ರಾ, ಪುನರ್ವಸು ಮಳೆಯ ಜಿಟಿಜಿಟಿಯಲ್ಲಿ ಬೆಂಗಳೂರು, ಮೈಸೂರಿನವರು ವರ್ಷದ ತಮ್ಮ ಅತ್ಯುತ್ತಮ ಲಾಂಗ್ ರನ್‌ಗಳನ್ನು ಓಡುವುದನ್ನು ಕಾಣಬಹುದು. ತೊಂದರೆ ಬರುವುದು ಬೇರೆ ದಾರಿಗಳಿಂದ. ಒದ್ದೆ ಕಾಲುಚೀಲ ಬೊಬ್ಬೆ ಎಬ್ಬಿಸುತ್ತದೆ, ಒದ್ದೆ ಅಂಗಿ ಕಂಕುಳು ಮತ್ತು ಎದೆಯ ಚರ್ಮವನ್ನು ಉಜ್ಜಿ ಕೆಂಪಾಗಿಸುತ್ತದೆ. ಹೊರಡುವ ಮುನ್ನ ವ್ಯಾಸಲೀನ್ ಹಚ್ಚುವುದು, ಹತ್ತಿ ಬಟ್ಟೆಯನ್ನು ಬಿಡುವುದು ಎರಡೂ ಉಪಯುಕ್ತ. ಶೂಗಳೊಳಗೆ ಹಳೆಯ ಪತ್ರಿಕೆ ತುರುಕಿ ಫ್ಯಾನ್ ಕೆಳಗಿಟ್ಟರೆ ಮರುದಿನಕ್ಕೆ ಬಹುಮಟ್ಟಿಗೆ ಒಣಗುತ್ತವೆ.

ನಗರದ ನಿಂತ ನೀರಿನಲ್ಲಿ ತೆರೆದ ಗುಂಡಿ ಮತ್ತು ತುಂಡಾದ ವಿದ್ಯುತ್ ತಂತಿ ಎರಡೂ ಕಾಣುವುದಿಲ್ಲ. ಪಾದದಲ್ಲಿ ಗಾಯವಿದ್ದು ಕೆಸರುನೀರು ತುಳಿದರೆ ಇಲಿಜ್ವರದ ಭಯವಿದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಇದು ಮಳೆಗಾಲದ ಪರಿಚಿತ ಕಾಯಿಲೆ. ಮಲೆನಾಡಿನ ಕಾಡುದಾರಿಗಳಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರುವುದು ಇಂಬಳ ಕಚ್ಚುವುದಕ್ಕಿಂತ ದೊಡ್ಡ ಅಪಾಯ, ಆದರೂ ಎಲ್ಲರೂ ಕೇಳುವುದು ಇಂಬಳದ ಬಗ್ಗೆಯೇ. ಇದೇ ಕಾಡುಗಳಲ್ಲಿ ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ ಬೇರೆಯೇ ಎಚ್ಚರ ಬೇಕು. ಶಿವಮೊಗ್ಗ ಕಡೆ 1957ರಿಂದಲೂ ಗುರುತಿಸಲಾಗಿರುವ ಮಂಗನ ಕಾಯಿಲೆ ಹರಡುವುದು ಉಣುಗುಗಳ ಮೂಲಕ, ಅದರ ಕಾಲ ಮುಖ್ಯವಾಗಿ ಡಿಸೆಂಬರ್‌ನಿಂದ ಮೇ.

ಗುಡುಗು ಕೇಳಿದರೆ?

ಓಟ ಅಲ್ಲಿಗೇ ಮುಗಿಯಿತು. ಗುಡುಗು ಕೇಳಿಸುವಷ್ಟು ಹತ್ತಿರವಿದ್ದರೆ ಸಿಡಿಲು ಬೀಳುವಷ್ಟೂ ಹತ್ತಿರವಿದ್ದೀರಿ. ಮರದ ಕೆಳಗೆ ನಿಲ್ಲದೆ ಕಟ್ಟಡದ ಅಥವಾ ಮುಚ್ಚಿದ ವಾಹನದ ಒಳಗೆ ಸೇರಿಕೊಂಡು, ಕೊನೆಯ ಗುಡುಗಿನ ನಂತರ ಮೂವತ್ತು ನಿಮಿಷ ಕಾಯಿರಿ. ಏಪ್ರಿಲ್, ಮೇ ತಿಂಗಳ ಸಂಜೆಯ ಅಡ್ಡಮಳೆಗಳಲ್ಲಿ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಆಷಾಢದ ಗಾಳಿಗೆ ಎದುರಾಗಿ ಓಡಿ ಕಳೆದುಕೊಂಡ ಸಮಯ, ಹಿಂತಿರುಗುವಾಗ ಸಿಗುವುದಿಲ್ಲವೇ?

ಪೂರ್ತಿ ಸಿಗುವುದಿಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಕಿಲೋಮೀಟರಿಗೆ ಐದು ನಿಮಿಷ ಎಂದರೆ ಗಂಟೆಗೆ 12 ಕಿಲೋಮೀಟರ್ ವೇಗ. ಅಷ್ಟೇ ವೇಗದ ಗಾಳಿ ಎದುರಿನಿಂದ ಬಂದರೆ ಮೈಗೆ ತಗಲುವ ಗಾಳಿಯ ವೇಗ 24 ಆಗಿ, ತಡೆ ನಾಲ್ಕು ಪಟ್ಟಾಗುತ್ತದೆ. ಅದೇ ಗಾಳಿ ಬೆನ್ನ ಹಿಂದಿನಿಂದ ಬಂದರೆ ತಡೆ ಶೂನ್ಯಕ್ಕೆ ಇಳಿಯುತ್ತದೆ. ಹೋಗುವಾಗ ಮೂರು ಪಾಲು ನಷ್ಟ, ಬರುವಾಗ ಒಂದು ಪಾಲು ಲಾಭ. ಆದ್ದರಿಂದ ಎದುರುಗಾಳಿಯಲ್ಲಿ ನಾಲ್ಕೈದು ಮಂದಿ ಸಾಲಾಗಿ, ಸರದಿಯ ಮೇಲೆ ಮುಂದೆ ಬಂದು ಓಡುವುದು ಜಾಣತನ. ದೈಹಿಕವಾಗಿ ತಾಜಾ ಇರುವಾಗ ಗಾಳಿಗೆ ಎದುರಾಗಿ ಹೊರಟು, ದಣಿದಾಗ ಬೆನ್ನುಗಾಳಿಯಲ್ಲಿ ಮರಳುವಂತೆ ದಾರಿ ಹಾಕಿಕೊಳ್ಳಿ.

ಸೆಕೆಯ ದಿನ ಬೆನ್ನುಗಾಳಿ ಇನ್ನೊಂದು ತೊಡಕನ್ನು ತರುತ್ತದೆ: ಗಾಳಿಯೂ ನೀವೂ ಒಂದೇ ವೇಗದಲ್ಲಿ ಚಲಿಸುತ್ತಿರುವುದರಿಂದ ಮೈಗೆ ಗಾಳಿಯೇ ತಾಗದೆ ಬೆವರು ಆರುವುದಿಲ್ಲ. ತಂಪು ದಿನದಲ್ಲಾದರೆ ಅದು ಶುದ್ಧ ಲಾಭ. 2011ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಜೆಫ್ರಿ ಮುಟಾಯ್ ಬಲವಾದ ಬೆನ್ನುಗಾಳಿಯಲ್ಲಿ 2 ಗಂಟೆ 3 ನಿಮಿಷ 2 ಸೆಕೆಂಡಿಗೆ ಓಡಿದರು. ಅದು ಅಂದಿನ ವಿಶ್ವದಾಖಲೆಗಿಂತ ವೇಗವಾಗಿದ್ದರೂ, ಒಂದು ಊರಿನಿಂದ ಇನ್ನೊಂದು ಊರಿಗೆ ನೇರವಾಗಿ ಇಳಿಯುತ್ತಾ ಸಾಗುವ ಆ ದಾರಿ ದಾಖಲೆಯ ನಿಯಮಗಳಿಗೆ ಹೊಂದದ ಕಾರಣ ಮಾನ್ಯವಾಗಲಿಲ್ಲ.

ಚಳಿಯಲ್ಲಿ ಏನು ಎಚ್ಚರ? ವಿದೇಶದಲ್ಲಿರುವ ಕನ್ನಡಿಗರು ಶೂನ್ಯದ ಕೆಳಗೂ ಓಡಬಹುದೇ?

ಬೀದರ್, ವಿಜಯಪುರದ ಡಿಸೆಂಬರ್ ಚಳಿಗೆ ಹತ್ತು ಹದಿನೈದು ನಿಮಿಷದ ನಿಧಾನ ಓಟದಿಂದ ಮೈ ಬೆಚ್ಚಗೆ ಮಾಡಿಕೊಂಡರೆ ಸಾಕು. ಮಿನ್ನೆಸೋಟ, ಟೊರಾಂಟೊ ಕಡೆಯವರು ಹೊರಗಿನ ಉಷ್ಣಾಂಶ ಇರುವುದಕ್ಕಿಂತ ಹತ್ತು ಡಿಗ್ರಿ ಹೆಚ್ಚಿದೆ ಎಂದುಕೊಂಡು ಬಟ್ಟೆ ತೊಡಬೇಕು. ಮೊದಲ ಐದು ನಿಮಿಷ ನಡುಗಿದರೆ ಬಟ್ಟೆ ಸರಿಯಾಗಿದೆ ಎಂದರ್ಥ. ತೆಳುವಾದ ಪದರಗಳು, ಕೈಗವಸು, ಕಿವಿ ಮುಚ್ಚುವ ಟೊಪ್ಪಿ ಇರಲಿ, ಬರಿ ಹತ್ತಿ ಬೇಡ. ಮಂಜುಗಡ್ಡೆಯ ಮೇಲೆ ಜಾರಿ ಬೀಳುವುದು ಚಳಿಗಿಂತ ಹೆಚ್ಚು ಮಂದಿಯನ್ನು ಮೂಲೆಗೆ ಕೂರಿಸುತ್ತದೆ.

ನಿಜವಾದ ಅಪಾಯ ಇರುವುದು ಒಣ ಚಳಿಯಲ್ಲಿ ಅಲ್ಲ. ಮಳೆ, ಗಾಳಿ, ಚಳಿ ಮೂರೂ ಕೂಡಿದಾಗ. 2018ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಉಷ್ಣಾಂಶ ಶೂನ್ಯಕ್ಕಿಂತ ಮೇಲಿದ್ದರೂ ಎದುರುಗಾಳಿ ಮತ್ತು ಮಳೆಗೆ ಹೆಸರಾಂತ ಓಟಗಾರರು ಒಬ್ಬೊಬ್ಬರಾಗಿ ನಿಂತರು. ಕೆಟ್ಟ ಹವೆಗೆ ಎದೆಗೊಟ್ಟ ಯೂಕಿ ಕವಾವುಚಿ ಮತ್ತು ಡೆಸಿರೆ ಲಿಂಡೆನ್ ಗೆದ್ದರು. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನಡೆದ 100 ಕಿಲೋಮೀಟರಿನ ಬೆಟ್ಟದ ಓಟದಲ್ಲಿ ಹಠಾತ್ತನೆ ಆಲಿಕಲ್ಲು, ಮಳೆ, ಬಿರುಗಾಳಿ ಎರಗಿದಾಗ 21 ಓಟಗಾರರು ಪ್ರಾಣ ಕಳೆದುಕೊಂಡರು. ಬೆಟ್ಟಕ್ಕೆ ಹೋಗುವವರು ಆಕಾಶ ಎಷ್ಟೇ ತಿಳಿಯಾಗಿದ್ದರೂ ಒಂದು ಹಗುರ ಮಳೆಯಂಗಿಯನ್ನು ಚೀಲದಲ್ಲಿ ಇಟ್ಟುಕೊಂಡಿರಬೇಕು ಎಂದು ಒತ್ತಾಯಿಸುವುದು ಇದಕ್ಕಾಗಿ. ಮುಳ್ಳಯ್ಯನಗಿರಿಯ ಮಂಜು ಮತ್ತು ಗಾಳಿಗೂ ಈ ಮಾತು ಸಲ್ಲುತ್ತದೆ.

ಬೆಂಗಳೂರಿನ ಎತ್ತರದಿಂದ ಓಟಗಾರರಿಗೆ ಲಾಭವಿದೆಯೇ?

ಸ್ವಲ್ಪವೇ. ಸುಮಾರು 920 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಹತ್ತನೆಯ ಒಂದು ಭಾಗದಷ್ಟು ಕಡಿಮೆ. ರಕ್ತದ ಕೆಂಪುಕಣಗಳನ್ನು ಗಣನೀಯವಾಗಿ ಹೆಚ್ಚಿಸಲು ಇದು ಸಾಲದು. ಅದಕ್ಕೆ 2,000 ಮೀಟರ್ ಮೀರಿದ ಊಟಿಯಂತಹ ಊರಿನಲ್ಲಿ ಕೆಲವು ವಾರ ಇರಬೇಕು. ಬೆಂಗಳೂರಿನಿಂದ ಮುಂಬೈಗೆ ಇಳಿದವರಿಗೆ ಸಿಗುವ ಹೆಚ್ಚುವರಿ ಆಮ್ಲಜನಕದ ಲಾಭವನ್ನು ಅಲ್ಲಿನ ಸೆಕೆ ನುಂಗಿಹಾಕುತ್ತದೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಓಡುವವರು ಮಾತ್ರ ಕನಿಷ್ಠ ಒಂದು ವಾರ ಮೊದಲೇ ಹೋಗಿ, ಆರಂಭದ ಎರಡು ಮೂರು ದಿನ ಓಡದೆ ವಿಶ್ರಮಿಸಲೇಬೇಕು.

ಚಳಿಗಾಲದ ಮುಂಜಾನೆಯ ಮಂಜಿನಲ್ಲಿ ಹೊಗೆ ಸೇರಿದ್ದರೆ ಓಡಬೇಕೇ, ಬೇಡವೇ?

ಚಳಿಗಾಲದ ರಾತ್ರಿಗಳಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕೂರುವುದರಿಂದ ವಾಹನಗಳ ಮತ್ತು ಕಸ ಸುಟ್ಟ ಹೊಗೆ ಮೇಲಕ್ಕೆ ಹೋಗದೆ ಕೆಳಗೇ ಉಳಿಯುತ್ತದೆ. ಓಡುವವರು ಕುಳಿತವರಿಗಿಂತ ಹಲವು ಪಟ್ಟು ಗಾಳಿ ಎಳೆದುಕೊಳ್ಳುತ್ತಾರೆ, ಅದೂ ಬಾಯಿಯ ಮೂಲಕ. ಭಾರತದ ವಾಯು ಗುಣಮಟ್ಟ ಸೂಚ್ಯಂಕ 100ರೊಳಗಿದ್ದರೆ ಆತಂಕವಿಲ್ಲ. 200 ದಾಟಿದರೆ ತೀವ್ರ ತರಬೇತಿಯನ್ನು ಬಿಡಬೇಕು. 300 ದಾಟಿದ ದಿನ ಒಳಾಂಗಣದ ವ್ಯಾಯಾಮವೇ ಸರಿ. ಆಸ್ತಮಾ ಇರುವವರು ಈ ಮಿತಿಗಳನ್ನು ಇನ್ನೂ ಕೆಳಗಿಟ್ಟುಕೊಳ್ಳಬೇಕು. ಡಿಸೆಂಬರ್, ಜನವರಿಯಲ್ಲಿ ಒಂದು ಗಂಟೆ ತಡವಾಗಿ, ಸೂರ್ಯ ಆ ಮುಚ್ಚಳವನ್ನು ಕರಗಿಸಿದ ಮೇಲೆ, ಮುಖ್ಯರಸ್ತೆಯಿಂದ ದೂರ ಓಡುವುದು ಒಳ್ಳೆಯದು.

ಸ್ಪರ್ಧೆಯ ಹಿಂದಿನ ಸಂಜೆ ಯಾವ ಮಾಹಿತಿ ನೋಡಬೇಕು?

ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಬಿಸಿಗಾಳಿ ಅಥವಾ ಗುಡುಗುಮಳೆಯ ಎಚ್ಚರಿಕೆ ಇದೆಯೇ ಎಂಬುದನ್ನು ಮೊದಲು ನೋಡಿ. ಬಯಲು ಪ್ರದೇಶದಲ್ಲಿ 40 ಡಿಗ್ರಿ, ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಾಗಿದ್ದರೆ ಇಲಾಖೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಹೋಬಳಿ ಮಟ್ಟದ ಮಾಹಿತಿಯೂ, ‘ದಾಮಿನಿ’ ಆ್ಯಪ್‌ನಿಂದ ಸಿಡಿಲಿನ ಸೂಚನೆಯೂ ದೊರೆಯುತ್ತವೆ. ಬಳಿಕ ನೀವು ಮುಗಿಸುವ ಹೊತ್ತಿನ ಉಷ್ಣಾಂಶ, ಇಬ್ಬನಿ ಬಿಂದು ಮತ್ತು ಗಾಳಿಯ ದಿಕ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ತಂಪು ದಿನಕ್ಕೆ ಒಂದು, ಸೆಕೆಯ ದಿನಕ್ಕೆ ಒಂದು ಎಂದು ಮೊದಲೇ ಯೋಚಿಸಿಟ್ಟ ಎರಡು ಗುರಿಗಳಲ್ಲಿ ಯಾವುದು ನಾಳೆಗೆ ಎಂಬುದನ್ನು ರಾತ್ರಿಯೇ ತೀರ್ಮಾನಿಸಿ ಮಲಗಿ. ಬೆಳಿಗ್ಗೆ ಆರಂಭದ ಗೆರೆಯ ಬಳಿಯ ಸಂಗೀತ ಮತ್ತು ಜನಜಂಗುಳಿಯ ನಡುವೆ ಈ ತೀರ್ಮಾನ ಸರಿಯಾಗಿ ಬರುವುದಿಲ್ಲ.